ಅತ್ತಿ ಎಸೆದದ್ದು, ನಾನು ಹಿಡಿದದ್ದು

ನನ್ನ ಎಡಗೈಯ ಕಿರುಬೆರಳು ನಡುಗೆಣ್ಣಿನ ಬಳಿ ಒಂದು ಗೋಧಿಕಾಳಿನಷ್ಟು ಹೊರಕ್ಕೆ ಬಾಗಿದೆ. ಅಂದಾಜಿನ ಮಾತಲ್ಲ, ಗೋಧಿಕಾಳು ಇಟ್ಟೇ ನೋಡಿದ್ದೇನೆ. ನನಗೆ ಒಂಬತ್ತು ವರ್ಷವಿದ್ದಾಗ ಅಡುಗೆಮನೆಯಿಂದ ಪಡಸಾಲೆಗೆ ಹಾರಿಬಂದ ತೆಂಗಿನಕಾಯಿಯೊಂದನ್ನು ಹಿಡಿಯುವಾಗ ಆದದ್ದು. ಕಾಯಿ ನೆಲಕ್ಕೆ ಬೀಳಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಎಸೆದಾಕೆ ಕೂಡ ಮೊದಲು ಕೇಳಿದ್ದು ಅದನ್ನೇ: "ಕಾಯಿ ಬಿತ್ತೇನ?"

ಎಸೆದಾಕೆ ನಮ್ಮ ಅತ್ತಿ. ಅಪ್ಪನ ಅಕ್ಕ. ಈಕೆಯಷ್ಟು ಧಾರಾಳದ ಹೆಂಗಸು ಜಹೀರಾಬಾದಿನಲ್ಲಿ ಇನ್ನೊಬ್ಬಳಿರಲಿಲ್ಲ ಎಂದು ಯಾರು ಬೇಕಾದರೂ ಹೇಳಿಯಾರು. ನಾನೂ ಹೇಳುತ್ತೇನೆ. ನನಗೆ ನಾಲ್ಕು ವರ್ಷವಿದ್ದಾಗ ಅವ್ವ ತಾಂಡೂರಿನ ತವರುಮನೆಯಲ್ಲಿ ಜ್ವರ ಬಂದು ತೀರಿಕೊಂಡಳು. ಅಂದಿನಿಂದ ಹದಿನೆಂಟು ವರ್ಷ ಅತ್ತಿಯೇ ನನ್ನನ್ನು ಉಣಿಸಿದಳು, ಉಡಿಸಿದಳು, ಓದಿಸಿದಳು. ಕೇಳಿದ್ದಕ್ಕೆ ಇಲ್ಲವೆಂದವಳಲ್ಲ. ಆದರೆ ಅಷ್ಟೂ ವರ್ಷಗಳಲ್ಲಿ ಆಕೆಯ ಕೈಯಿಂದ ನನ್ನ ಕೈಗೆ ನೇರವಾಗಿ ಒಂದು ಹುಲ್ಲುಕಡ್ಡಿಯೂ ಬಂದಿರಲಿಲ್ಲ! ಬಂದದ್ದೆಲ್ಲ ಗಾಳಿಯಲ್ಲಿ ಬಂತು. ರೊಟ್ಟಿ, ಬಾಚಣಿಕೆ, ಪಾಟಿ, ಉಳ್ಳಾಗಡ್ಡಿ, ಬೆಲ್ಲದ ಹೆಂಟೆ, ಹಬ್ಬದ ಹೊಸ ಕುಪ್ಪಸ, ಒಮ್ಮೆ ಒಂದು ಜೀವಂತ ಕೋಳಿಮರಿ. ಅದು ನೆರೆಮನೆಯದು, ದಾರಿ ತಪ್ಪಿ ನಮ್ಮ ಹಿತ್ತಲಿಗೆ ಬಂದಿತ್ತು. "ಹೋಗಿ ಕೊಟ್ಟು ಬಾ" ಎಂಬ ಮಾತು ನನ್ನನ್ನು ತಲುಪುವ ಮೊದಲೇ ಮರಿ ತಲುಪಿತ್ತು.

ಅತ್ತಿ ಹುಟ್ಟಿದ್ದು ನಾರಾಯಣಖೇಡದ ಕಡೆಯ ಹಳ್ಳಿಯಲ್ಲಿ. ಅಲ್ಲಿ ಹಕ್ಕಿ ಕಾಯುವ ಕಾಲಕ್ಕೆ ಜೋಳದ ಹೊಲದ ನಡುವೆ ನಾಲ್ಕು ಕಂಬ ನೆಟ್ಟು ಮಂಚಿಗೆ ಕಟ್ಟುತ್ತಾರೆ. ಅದರ ಮೇಲೆ ನಿಂತು ಕವಣೆಯಲ್ಲಿ ಕಲ್ಲಿಟ್ಟು ಬೀಸುವುದು. ಅತ್ತಿ ಏಳನೆಯ ವಯಸ್ಸಿಗೇ ಮಂಚಿಗೆ ಹತ್ತಿದವಳಂತೆ. ಹಕ್ಕಿಗೆ ಪೆಟ್ಟಾಗದಂತೆ, ಹಕ್ಕಿ ಕೂತ ತೆನೆಗೂ ಪೆಟ್ಟಾಗದಂತೆ, ಪಕ್ಕದ ತೆನೆಯನ್ನಷ್ಟೇ ಅಲ್ಲಾಡಿಸಿ ಎಬ್ಬಿಸುತ್ತಿದ್ದಳಂತೆ. ಇದು ಅಪ್ಪ ಹೇಳಿದ್ದು. ಅಪ್ಪ ಉತ್ಪ್ರೇಕ್ಷೆ ಮಾಡುವವನಲ್ಲ. ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ ಕೂತು ರೈತರ ತಕರಾರುಗಳನ್ನು ಸರಕಾರದ ಉರ್ದುವಿನಲ್ಲಿ ಬರೆದುಕೊಡುವ ಅರ್ಜಿನವೀಸ. ಒಂದು ಎಮ್ಮೆ ಸತ್ತರೆ ಒಂದೇ ಎಮ್ಮೆ ಸತ್ತಿತೆಂದು ಬರೆಯುವ ಮನುಷ್ಯ.

ಗಂಡ ತೀರಿದ ಮೇಲೆ ಅತ್ತಿ ತಮ್ಮನ ಮನೆಗೆ ಬಂದಳು. ಮಂಚಿಗೆ ಹೋಯಿತು, ಗುರಿ ಉಳಿಯಿತು. ನಮ್ಮ ಮನೆಯಲ್ಲಿ ಊಟಕ್ಕೆ ಕೂಡುವುದೆಂದರೆ ಎಚ್ಚರವಾಗಿ ಕೂಡುವುದು. ಅತ್ತಿ ಒಲೆಯ ಮುಂದೆ, ನಾವು ಪಡಸಾಲೆಯಲ್ಲಿ, ನಡುವೆ ಬಾಗಿಲು. ಹಂಚಿನಿಂದ ಎದ್ದ ರೊಟ್ಟಿ ಬಾಗಿಲ ಚೌಕಟ್ಟಿನ ನಡುವೆ ತಿರುಗುತ್ತ ಬಂದು ತಾಟಿನಲ್ಲಿ ಇಳಿಯುತ್ತಿತ್ತು. ಎಡಗಡೆಯ ತಾಟು ಅಪ್ಪನದು, ಬಲಗಡೆಯದು ನನ್ನದು. ಒಂದು ದಿನವೂ ಅದಲುಬದಲಾಗಲಿಲ್ಲ. ಹೊಸದಾಗಿ ಬಂದ ನೆಂಟರಿಗೆ ಅಪ್ಪ ಕೈಕಾಲು ತೊಳೆಯಲು ನೀರು ಕೊಡುವಾಗಲೇ ಮೆಲ್ಲಗೆ ಹೇಳಿಬಿಡುತ್ತಿದ್ದ: "ರೊಟ್ಟಿ ಬರೂ ಮುಂದ ಬಗ್ಗಬ್ಯಾಡ್ರಿ. ಬಗ್ಗಿದ್ರ ತಲಿಗಿ ಬೀಳ್ತದ. ಸುಮ್ಮ ಕೂತ್ರ ತಾಟಿಗಿ ಬೀಳ್ತದ."

ಒಂದು ದಿನ ಅಪ್ಪನೇ ತಡೆಯಲಾರದೆ ಕೇಳಿದ. "ಅಕ್ಕಾ, ಒಂದ್ ಮಾತು. ಕೈಯಾಗ ಕೊಡಾಕ ಆಗಲಿಲ್ಲಂದ್ರ ಬ್ಯಾಡ. ನಾಕು ಮಂದಿ ಹಾಂಗ ಕೆಳಗರೆ ಇಡು. ನಾವ ತೊಗೋತೀವಿ."

"ಕೆಳಗಿಟ್ಟಿದ್ದು ತೊಗೊಂಡ್ರ ತೊಗೊಂಡಾರು, ಬಿಟ್ರ ಬಿಟ್ಟಾರು," ಅಂದಳು ಅತ್ತಿ. "ಒಗದಿದ್ದು ಹಿಡೀಲೇಬೇಕು."

ಜಿಲ್ಲೆಯ ವಕೀಲರಿಗೂ ಉತ್ತರ ಕೊಡುವ ಅಪ್ಪ ಇದಕ್ಕೂ ಉತ್ತರ ಕೊಡಲೆಂದು ಬಾಯಿ ತೆರೆದ. ಅಷ್ಟರಲ್ಲಿ ಎರಡನೆಯ ರೊಟ್ಟಿ ಬಂದಿತ್ತು.

ಎಸೆಯಲಾಗದ ವಸ್ತುಗಳೂ ಲೋಕದಲ್ಲಿ ಇವೆಯಲ್ಲ? ಹಾಲು, ಮಜ್ಜಿಗೆ, ಬೇಳೆ. ಇವುಗಳ ಮೇಲೆ ಅತ್ತಿಗೆ ಒಳಗೊಳಗೇ ಸಿಟ್ಟಿತ್ತೆಂದು ನನ್ನ ಗುಮಾನಿ. ಲೋಟವನ್ನು ಅಡುಗೆಮನೆಯ ಗೂಡಿನಲ್ಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು, ಗೋಡೆಗೆ ಬೆನ್ನು ಹಚ್ಚಿ ನಿಂತು "ಹ್ಞಾಂ, ಈಗ ಬಂದು ತೊಗೊ" ಎಂದು ಕೂಗುತ್ತಿದ್ದಳು. ನಾನು ಲೋಟ ಎತ್ತಿ ಖಾಲಿ ಮಾಡುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ಇದು ಹಾಲು ಕುಡಿಸುವುದೋ, ಪಟಾಕಿ ಹಚ್ಚುವುದೋ!

ಹಾಗೆಂದು ಆಕೆ ನನ್ನನ್ನು ಮುಟ್ಟುತ್ತಲೇ ಇರಲಿಲ್ಲವೆಂದು ತಿಳಿಯಬಾರದು. ಎರೆಯುವಾಗ ಬೆನ್ನು ತಿಕ್ಕುತ್ತಿದ್ದಳು. ತಲೆ ಬಾಚುತ್ತಿದ್ದಳು. ಸಂತೆಯಲ್ಲಿ ಗದ್ದಲವಿದ್ದರೆ ನನ್ನ ಮುಂಗೈ ಹಿಡಿದು ನಡೆಯುತ್ತಿದ್ದಳು. ಮುಂಗೈ, ಅಂಗೈ ಅಲ್ಲ. ಈ ಅಂತರವನ್ನು ನಾನು ಎಷ್ಟು ಸಣ್ಣವಳಿದ್ದಾಗ ಗುರುತಿಸಿದೆ ಎಂದು ನೆನಪಿಲ್ಲ. ಗುರುತಿಸಿದ ಮೇಲೆ ಮರೆಯಲಾಗಲಿಲ್ಲ. ಬೇರೆ ಮಕ್ಕಳ ಅವ್ವಂದಿರು ಬೆಲ್ಲದ ಚೂರನ್ನು ಮಗುವಿನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ, ಮುಷ್ಟಿಯನ್ನು ತಮ್ಮ ಕೈಯಿಂದ ಒಮ್ಮೆ ಅದುಮಿ ಕಳಿಸುತ್ತಿದ್ದರು. ನನಗೆ ಬೇಕಾಗಿದ್ದದ್ದು ಅಷ್ಟೇ. ಒಂದು ಸಲ. ಬೆಲ್ಲವಿಲ್ಲದಿದ್ದರೂ ನಡೆದೀತು.

ಕೇಳಿದರೆ, "ನಂಗ ಕೈ ಖಾಲಿ ಇಲ್ಲ" ಎನ್ನುತ್ತಿದ್ದಳು. ಕೈ ಖಾಲಿ ಇಲ್ಲದವರು ಎಸೆಯುವುದು ಹೇಗೆ? ಅಪ್ಪನನ್ನು ಕೇಳಿದರೆ, "ಸುಮ್ಮ ಹಿಡಿಯವ್ವಾ" ಎಂದು ಕಾಗದಗಳತ್ತ ತಿರುಗುತ್ತಿದ್ದ. ತೀರಿಹೋದ ಅವ್ವನ ಸುದ್ದಿ ಎತ್ತಿದರೂ ಆತ ಹೀಗೆಯೇ ತಿರುಗಿ ಕೂತು ತಪ್ಪಿಸುತ್ತಿದ್ದ.

ಅತ್ತಿಗೆ ಕೈಯಲ್ಲಿ ಕೊಡಲು ಬರುವುದೇ ಇಲ್ಲವೆಂದಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಕುಂಟರನ್ನು ಯಾಕೆ ಓಡುವುದಿಲ್ಲವೆಂದು ಯಾರೂ ಕೇಳುವುದಿಲ್ಲ. ಆದರೆ ಒಂದು ಬೇಸಿಗೆ ಗಿರ್ದಾವರ ಸಾಹೇಬರು ನಮ್ಮ ಮನೆಗೆ ಬಂದರು. ಹೊಲಗಳ ತಪಾಸಣೆಗೆ ಬಂದವರು, ಯಾವುದೋ ಕಾಗದ ತುರ್ತಾಗಿ ಬರೆಸಬೇಕಾಗಿತ್ತು. ಸರಕಾರದ ಪಾಲಿನ ಲೇವಿಯ ಜೋಳಕ್ಕಾಗಿ ಮನೆಮನೆ ಜಾಲಾಡುವ ಈ ಮನುಷ್ಯನನ್ನು ಕಂಡರೆ ಅತ್ತಿಗೆ ಮೈಯುರಿ. ಬಾಯಾರಿದೆ ಎಂದರು. ಅತ್ತಿ ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಗೆ ಬಂದಳು. ಎರಡೂ ಕೈಯಿಂದ ಬೆಲ್ಲ ಕೊಟ್ಟಳು. ಎರಡೂ ಕೈಯಿಂದ ನೀರಿನ ತಂಬಿಗೆ ಕೊಟ್ಟಳು. ಅವರ ಅಂಗೈಯಲ್ಲಿ, ಬಾಗಿ, ಮೆತ್ತಗೆ!

ನಾನು ಕಂಬಕ್ಕೆ ಆತು ನಿಂತು ನೋಡಿದೆ. ಮುಚ್ಚಿಡುವುದೇಕೆ, ಹೊಟ್ಟೆ ಉರಿಯಿತು. ಸಾಹೇಬರು ನೀರು ಕುಡಿದು ಬಾಯಿ ಒರೆಸಿಕೊಂಡು ಅಪ್ಪನಿಗೆ ಹೇಳಿದರು: "ವಾಹ್, ಬಡೇ ತಮೀಜ್ ಕಾ ಘರ್ ಹೈ ಜೀ ಆಪ್ ಕಾ!"

ಎಷ್ಟು ಮರ್ಯಾದೆಯ ಮನೆ ಎಂಬ ಆ ಹೊಗಳಿಕೆ ಮುಗಿಯುವಷ್ಟರಲ್ಲಿ, ಒಳಗೆ ಹೋಗಿದ್ದ ಅತ್ತಿಯಿಂದ ನನ್ನ ಪಾಲಿನ ಬೆಲ್ಲ ಹೊರಟು, ಅವರ ಕೆಂಪು ರೂಮಿ ಟೋಪಿಯ ಮೇಲಿನಿಂದ ನಾಲ್ಕು ಬೆರಳು ಎತ್ತರದಲ್ಲಿ ಹಾದು ನನ್ನ ಕೈಗೆ ಬಂತು. ಸಾಹೇಬರು ಟೋಪಿ ಮುಟ್ಟಿ ನೋಡಿಕೊಂಡರು. ಅಪ್ಪ ಗಂಟಲು ಸರಿಮಾಡಿಕೊಂಡು, "ಗುಬ್ಬಿ ಸಾಹೇಬ್," ಎಂದ. ಅಪ್ಪ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮುಂದೆ ನನ್ನನ್ನು ನೋಡಲು ಧಾರೂರಿನಿಂದ ಗಂಡಿನ ಕಡೆಯವರು ಬಂದಾಗಲೂ ಹೀಗೆಯೇ. ಒಂಬತ್ತು ಜನ. ಒಂಬತ್ತು ಜನರಿಗೂ ಅತ್ತಿ ಒಗ್ಗರಣೆ ಅವಲಕ್ಕಿಯ ತಾಟನ್ನು ಕೈಯಲ್ಲೇ ಕೊಟ್ಟಳು. ಗಂಡಿನ ತಾಯಿ ಕರಗಿಹೋದರು. "ಎಷ್ಟ್ ನಾಜೂಕ ಕೊಡ್ತೀರ್ರೀ ಅಕ್ಕಾರ! ಇಂಥಾ ಕೈಯಾಗ ಬೆಳದ ಹುಡುಗಿ ಅಂದ್ರ ನೋಡೂದ ಬ್ಯಾಡ." ಅವರ ಗಾಡಿ ಓಣಿ ದಾಟುತ್ತಲೇ ಅತ್ತಿ ತೀರ್ಪು ಕೊಟ್ಟಳು: "ಛಲೋ ಮಂದಿ. ಬ್ಯಾಡ."

"ಯಾಕಕ್ಕಾ? ಹುಡುಗ ಓದ್ಯಾನ, ಮನಿ ಛಲೋ ಅದ."

"ಇದ್ದೀತು. ಒಬ್ಬರಿಗರೆ ಒಗೀಬೇಕು ಅನ್ನಿಸಲಿಲ್ಲ ನಂಗ."

ತಾಲ್ಲೂಕಿನ ಸಕಲ ತಕರಾರುಗಳಿಗೂ ಕಾರಣ ಹುಡುಕಿಕೊಟ್ಟ ಅಪ್ಪ ಈ ಕಾರಣವನ್ನು ಕಾಗದದಲ್ಲಿ ಹೇಗೆ ಬರೆಯುವುದೆಂದು ತಿಳಿಯದೆ ಎರಡು ದಿನ ಲೆಕ್ಕಣಿಕೆ ಕಚ್ಚಿಕೊಂಡು ಕೂತ. ಕೊನೆಗೆ ಹುಡುಗಿ ಇನ್ನೂ ಓದಬೇಕೆನ್ನುತ್ತಾಳೆ ಎಂದು ಬರೆದ. ಬರೆದ ಮೇಲೆ ಅದನ್ನು ನಿಜ ಮಾಡಬೇಕಲ್ಲ? ನನ್ನನ್ನು ಹೈದರಾಬಾದಿನ ಹೆಣ್ಣುಮಕ್ಕಳ ಕಾಲೇಜಿಗೆ ಕಳಿಸಿದ. ನನ್ನ ವಿದ್ಯೆಯ ಮೂಲ ಇಷ್ಟೇ.

ಕಾಲೇಜಿಗೆ ಹೊರಟ ದಿನ ಜಹೀರಾಬಾದಿನ ಸ್ಟೇಶನ್ನಿನಲ್ಲಿ ಗಾಡಿ ಬಹಳ ಹೊತ್ತು ನಿಂತಿತ್ತು. ಅತ್ತಿ ಬುತ್ತಿಯ ಗಂಟನ್ನು ಸೊಂಟಕ್ಕೆ ಒತ್ತಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಳು. ನಾನು ಹೆಂಗಸರ ಜನಾನಾ ಡಬ್ಬಿಯ ಕಿಟಕಿಯಿಂದ ಕೈ ಚಾಚಿದೆ. "ತಡಿ" ಎಂದಳು. ಇಂಜಿನ್ನು ನೀರು ಕುಡಿಯಿತು. "ತಡಿ." ಗಾರ್ಡು ಸೀಟಿ ಊದಿದ. "ತಡಿ ಅಂದೆ." ಗಾಡಿ ಹೊರಟಿತು. ಹತ್ತು ಮಾರು ಹೋದ ಮೇಲೆ ಗಂಟು ಬಂತು ನೋಡಿ! ಓಡುವ ಗಾಡಿಯ ಕಿಟಕಿಯೊಳಗೆ, ಸರಳಿಗೂ ತಾಗದೆ. ಆದರೆ ನಾನು ಆಸೆ ಬಿಟ್ಟು ಕೈ ಒಳಗೆಳೆದುಕೊಂಡಿದ್ದೆ. ಗಂಟು ನನ್ನನ್ನು ದಾಟಿ ಎದುರಿಗಿದ್ದ ಬುರಖಾದ ಮುದುಕಿಯ ಮಡಿಲಿಗೆ ಬಿತ್ತು. ಜಪಾನಿನ ಜೊತೆ ಲಡಾಯಿ ನಡೆದಿದ್ದ ಕಾಲ. ಮುದುಕಿ ಕಣ್ಣು ಮುಚ್ಚಿ ಕಿರುಚಿದಳು: "ಯಾ ಅಲ್ಲಾ! ಜಪಾನ್ ಕಾ ಬಮ್ ಪಡ್ಯಾ ಕ್ಯಾ ಮಾ!"

ಬಾಂಬನ್ನು ವಿಕಾರಾಬಾದಿನ ಹತ್ತಿರ ಇಬ್ಬರೂ ಕೂತು ತಿಂದೆವು. ಸಜ್ಜೆರೊಟ್ಟಿ, ಶೇಂಗಾಹಿಂಡಿ. ಮುದುಕಿ ತನ್ನ ಡಬ್ಬಿಯಿಂದ ಒಂದು ಖಜೂರದ ಹಣ್ಣು ತೆಗೆದು ನನ್ನ ಅಂಗೈಯಲ್ಲಿಟ್ಟಳು. ಹೆಸರೂ ಗೊತ್ತಿಲ್ಲದ ಹೆಂಗಸು.

ಹಾಸ್ಟೆಲಿನಲ್ಲಿ ಯಾರೂ ಏನನ್ನೂ ಎಸೆಯಲಿಲ್ಲ. ಉಪ್ಪಿನ ಬಟ್ಟಲು, ಪುಸ್ತಕ, ಕನ್ನಡಿ ಎಲ್ಲವೂ ಕೈಯಿಂದ ಕೈಗೆ ಹೋಗುತ್ತಿದ್ದವು. ಮೊದಲ ತಿಂಗಳು ಇದೇ ನಾಗರಿಕತೆ ಅನ್ನಿಸಿತು. ಎರಡನೆಯ ತಿಂಗಳಲ್ಲಿ ಒಂದು ವಿಷಯ ಗಮನಕ್ಕೆ ಬಂತು. ಬಾಗಿಲ ಕಡೆಯಿಂದ ಯಾರಾದರೂ ನನ್ನ ಹೆಸರು ಕರೆದರೆ ನನ್ನ ಎರಡೂ ಕೈ ತಾವಾಗಿಯೇ ಎದೆಯ ಮಟ್ಟಕ್ಕೆ ಏಳುತ್ತಿದ್ದವು. ಹುಡುಗಿಯರು ನಕ್ಕರು. ನಾನು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಳ್ಳುವುದನ್ನು ಕಲಿತೆ. ಮಾತು ಮೊದಲೇ ಕಡಿಮೆ, ಈಗ ಕೈಯೂ ಒಳಗೆ ಹೋಯಿತು. ರಜೆಯ ದಿನ ನಲವತ್ತು ಹುಡುಗಿಯರ ನಡುವೆ ಕೂತು ಉಂಡು ಏಳುವವರೆಗೆ ಒಬ್ಬರೊಡನೆಯೂ ಮಾತಾಡಿರುತ್ತಿರಲಿಲ್ಲ. ಅದು ಯಾರ ತಪ್ಪೂ ಅಲ್ಲ.

ಇಂಗ್ಲಿಷ್ ತರಗತಿಯಲ್ಲಿ ಒಂದು ದಿನ 'ಹರ್ಲ್' ಎಂಬ ಕ್ರಿಯಾಪದ ಕೊಟ್ಟು ವಾಕ್ಯ ರಚಿಸಿರೆಂದರು. ಬಲವಾಗಿ ಎಸೆಯುವುದು ಎಂದರ್ಥ. ಎಲ್ಲರೂ ಸೈನಿಕರಿಂದ ಈಟಿ ಎಸೆಸಿದರು, ಸಮುದ್ರದಿಂದ ಹಡಗನ್ನು ಬಂಡೆಗೆ ಎಸೆಸಿದರು. ನಾನು, ನನ್ನ ಅತ್ತೆ ನನಗೆ ದಿನಕ್ಕೆ ಎರಡು ಸಲ ರೊಟ್ಟಿಗಳನ್ನು ಹರ್ಲ್ ಮಾಡುತ್ತಾರೆ ಎಂದು ಬರೆದೆ. ಅಧ್ಯಾಪಕಿ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಬದಿಯಲ್ಲಿ ಬರೆದರು: ಆಹಾರವನ್ನು ಹಾಗೆ ಕೊಡುವುದಿಲ್ಲ, ಈ ಪದದಲ್ಲಿ ದ್ವೇಷವಿದೆ. ನಾನು ಆ ವಾಕ್ಯವನ್ನು ಬಹಳ ಹೊತ್ತು ನೋಡಿದೆ. ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಆದರೆ ನನಗೆ ಅಷ್ಟು ದಿನ ಹೊಳೆಯದಿದ್ದ ಒಂದು ಅರ್ಥವನ್ನು ಅವರು ಹೊಳೆಯಿಸಿದರು. ದ್ವೇಷವೇನೋ ಹಾಗಾದರೆ? ತಮ್ಮನ ಮಗಳನ್ನು ಸಾಕುವುದು ಕರ್ತವ್ಯ, ಅಂಗೈ ತಾಗಿಸುವುದು ಕರ್ತವ್ಯದಲ್ಲಿ ಬರುವುದಿಲ್ಲ, ಹಾಗೋ?

ರಜೆಗೆ ಬಂದಾಗ ಆ ಪದವನ್ನು ಅತ್ತಿಗೆ ಹೇಳಿದೆ. ಅತ್ತಿ ಜೋಳ ಕೇರುತ್ತಿದ್ದಳು.

"ಒಂದ ಶಬ್ದೇನ?" ಅಂದಳು. "ಪಾಪ, ಬಡವರು. ನಮ್ಮ ಕಡಿ ನೋಡು. ಕವಣಿ ಬೀಸೂದು ಬ್ಯಾರೆ, ರಾಶಿ ತೂರೂದು ಬ್ಯಾರೆ, ಕಸ ಚೆಲ್ಲೂದು ಬ್ಯಾರೆ, ರೊಟ್ಟಿ ಒಗಿಯೂದು ಬ್ಯಾರೆ. ಎಲ್ಲಾದಕ್ಕೂ ಅದೊಂದ?"

"ಅವರು ಮಾತೂ ಒಗೀತಾರ ಅತ್ತಿ. ಬೈಗಳ, ಶಾಪ, ಕೆಟ್ಟ ನೋಟ, ಎಲ್ಲಾ ಒಗೀತಾರ. ತಮ್ಮನ್ನ ತಾವ ಒಗಕೋತಾರ, ಕೆಲಸದಾಗ, ಲಡಾಯ್ಯಾಗ. ಎಲ್ಲಾ ಇದ ಶಬ್ದ."

ಅತ್ತಿ ಮೊರ ಅಲ್ಲಾಡಿಸುವುದನ್ನು ನಿಲ್ಲಿಸಿದಳು. "ತಮ್ಮನ್ನ ತಾವ ಒಗಕೊಂಡ್ರ, ಹಿಡಿಯಾವ್ರು ಯಾರು?"

"ಅದು ಡಿಕ್ಷನರಿಯೊಳಗ ಇಲ್ಲ."

"ಮತ್ತ ಏನ್ ಓದ್ತೀರಿ ಅಲ್ಲಿ?" ಎಂದು ಜೋಳದ ನಡುವಿನಿಂದ ಒಂದು ಹರಳು ಹೆಕ್ಕಿ, ಅಂಗಳದಲ್ಲಿ ಹಪ್ಪಳದ ಕಡೆಗೆ ನಡೆದಿದ್ದ ಮೇಕೆಯ ಕಿವಿಯ ಪಕ್ಕದಿಂದ ಹಾರಿಸಿದಳು. ಮೇಕೆ ಓಡಿತು. ನಾನೂ ನಕ್ಕೆ. ಆದರೆ ಕೆಂಪು ಶಾಯಿ ಆರಲಿಲ್ಲ.

ಬಿ.ಎ. ಮುಗಿಯಿತು. ತಾಂಡೂರಿನ ಹೆಣ್ಣುಮಕ್ಕಳ ಸರಕಾರಿ ಶಾಲೆಯಲ್ಲಿ ನನಗೆ ಉಪಾಧ್ಯಾಯಿನಿಯ ಕೆಲಸ ಸಿಕ್ಕಿತು. ಅವ್ವನ ಅವ್ವ, ನಮ್ಮ ಆಯಿ, ಅಲ್ಲೇ ಇದ್ದಳು. ಆಕೆಯ ಮನೆಯಲ್ಲೇ ಇರುವುದೆಂದು ಅಪ್ಪ ಕಾಗದ ಬರೆದು ನಿಶ್ಚಯಿಸಿದ. ನೇಮಕದ ಹುಕುಂ ಓದಿ ಹೇಳಿದಾಗ ಅತ್ತಿ, "ಬ್ಯಾರೆ ಊರು ಸಿಗಲಿಲ್ಲೇನ ನಿಮ್ಮ ಸರಕಾರಕ್ಕ?" ಎಂದಷ್ಟೇ ಕೇಳಿದಳು. ಮುಂದಿನ ಎಂಟು ದಿನ ಮನೆಯಲ್ಲಿ ರೊಟ್ಟಿ ಬಿಟ್ಟು ಬೇರೇನೂ ಹಾರಲಿಲ್ಲ.

ಹೊರಡುವ ಮುಂಜಾನೆ ಮತ್ತೆ ಅದೇ ಸ್ಟೇಶನ್ನು. ಅಪ್ಪ ನನ್ನ ಪೆಟ್ಟಿಗೆಯನ್ನು ಒಳಗಿಟ್ಟ. ಅತ್ತಿ ಗಂಟನ್ನು ಸೊಂಟಕ್ಕೆ ಒತ್ತಿ ನಿಂತಿದ್ದಳು. ನಾನು ಡಬ್ಬಿ ಹತ್ತಲಿಲ್ಲ. ಆಕೆಯ ಎದುರಿಗೆ ಹೋಗಿ ಎರಡೂ ಕೈ ಚಾಚಿದೆ.

"ಕೊಡು ಅತ್ತಿ."

"ಒಳಗ ಕೂತಗೊ. ಗಾಡಿ ಹೊಂಡಲಿ."

"ಇವತ್ತ ಒಗೀಬ್ಯಾಡ. ಕೈಯಾಗ ಕೊಡು."

"ಹುಚ್ಚು ಖೋಡಿ, ಹತ್ತು ಮೊದಲ."

"ಕೊಡೂ ತನ ಹತ್ತಂಗಿಲ್ಲ."

ನಾನು ಜೀವನದಲ್ಲಿ ಹಟ ಹಿಡಿದವಳಲ್ಲ. ಅಪ್ಪ ಗಾಬರಿಯಾಗಿ ಗಾರ್ಡಿನ ಕಡೆಗೂ ನನ್ನ ಕಡೆಗೂ ನೋಡಿದ. ಮರುದಿನ ಶಾಲೆಯಲ್ಲಿ ಹಾಜರಾಗದಿದ್ದರೆ ಕೆಲಸ ಇನ್ನೊಬ್ಬಳ ಪಾಲು. ಅದು ಮೂವರಿಗೂ ಗೊತ್ತಿತ್ತು.

"ಗಿರ್ದಾವರಗ ಕೊಟ್ಟಿ," ಅಂದೆ. "ಧಾರೂರಿನ ಒಂಬತ್ತು ಮಂದಿಗಿ ಕೊಟ್ಟಿ. ನಾ ಏನ್ ಮಾಡೀನಿ ನಿಂಗ? ನಾಯಿಗಿ ಒಗದಂಗ ಒಗಕೋತ ಬಂದಿ ನಂಗ, ಹದಿನೆಂಟ್ ವರ್ಷ!"

ಮಾತನ್ನೂ ಎಸೆಯಬಹುದೆಂದು ಕಾಲೇಜಿನಲ್ಲಿ ಕಲಿತಿದ್ದೆನಲ್ಲ. ಬರೀ ಹಿಡಿಯುತ್ತ ಬಂದವಳು ಅಂದು ಮೊದಲ ಸಲ ಎಸೆದೆ. ಗುರಿ ತಪ್ಪಲಿಲ್ಲ. ಅತ್ತಿ ಗಂಟನ್ನು ಸೊಂಟಕ್ಕೆ ಇನ್ನಷ್ಟು ಒತ್ತಿಕೊಂಡಳು. ಅಪ್ಪ, "ಅವ್ವಾ! ಏನ್ ಮಾತದು!" ಎಂದು ಗದರಿದ. ಗಾರ್ಡು ಸೀಟಿ ಊದಿದ. ನಾನು ಕದಲಲಿಲ್ಲ.

ಆಗ ಅತ್ತಿ ಒಂದು ಹೆಜ್ಜೆ ಮುಂದೆ ಬಂದಳು. ಗಂಟನ್ನು ನನ್ನ ಅಂಗೈಗಳಲ್ಲಿ ಇಟ್ಟಳು. ಆಕೆಯ ಅಂಗೈ ನಾನು ಅಂದುಕೊಂಡಿದ್ದಕ್ಕಿಂತ ಸಣ್ಣದಿತ್ತು, ತಣ್ಣಗಿತ್ತು. ನನ್ನ ಬೆರಳುಗಳನ್ನು ಒಂದೊಂದಾಗಿ ಗಂಟಿನ ಮೇಲೆ ಮಡಚಿದಳು. ಹಾಗೆ ಮಡಚಬೇಕೆಂದು ನಾನು ಯಾರಿಗೂ ಹೇಳಿರಲಿಲ್ಲ.

"ಆತು. ತೊಗೊಂಡಿ. ಹೋಗು."

ಗಾಡಿ ಹೊರಡುವ ಮುಂಚೆಯೇ ಆಕೆ ತಿರುಗಿ ನಡೆದುಬಿಟ್ಟಳು. ಗೇಟಿನವರೆಗೂ ಬೆನ್ನು ಕಂಡಿತು, ಮುಖ ಕಾಣಲಿಲ್ಲ. ಇರಲಿ, ನಾನು ಗೆದ್ದಿದ್ದೆ! ವಿಕಾರಾಬಾದಿನಲ್ಲಿ ಗಾಡಿ ಬದಲಿಸುವಾಗಲೂ ಗಂಟನ್ನು ಕೂಲಿಯವನಿಗೆ ಕೊಡಲಿಲ್ಲ.

ಆಯಿಯನ್ನು ನಾನು ಅದಕ್ಕೂ ಮೊದಲು ಮೂರೇ ಸಲ ಕಂಡಿದ್ದೆ. ತಾಂಡೂರಿನ ನುಣ್ಣನೆಯ ಬಂಡೆ ಹಾಸಿದ ಪಡಸಾಲೆಯಲ್ಲಿ, ದೀಪ ಹಚ್ಚುವ ಹೊತ್ತಿಗೆ, ನನ್ನನ್ನು ಕೂರಿಸಿಕೊಂಡು ಗಂಟು ಬಿಚ್ಚಿದಳು. ಒಣಗಿಸಿದ ಖಟಿರೊಟ್ಟಿ, ಅಗಸಿಹಿಂಡಿ, ಕೆಂಪು ಮೆಣಸಿನಕಾಯಿಯ ಹಿಂಡಿ. ಆಯಿ ನಕ್ಕಳು.

"ಎಷ್ಟ್ ದೂರದಿಂದ ಒಗದಳು?"

"ನಿಂಗೂ ಗೊತ್ತದೇನ ಆಯಿ? ಇವತ್ತ ಒಗೀಲಿಲ್ಲ. ಕೈಯಾಗ ಕೊಟ್ಲು." ನನ್ನ ದನಿಯಲ್ಲಿ ಹೆಮ್ಮೆ ಇತ್ತು. ಇದ್ದುದನ್ನು ಇತ್ತೆಂದೇ ಬರೆಯಬೇಕು.

ರೊಟ್ಟಿ ಮುರಿಯುತ್ತಿದ್ದ ಆಯಿಯ ಕೈ ನಿಂತಿತು. "ಕೈಯಾಗ? ಆಕಿ? ಜಗಳಾಡಿ ಬಂದಿಯೇನ?"

"ಇಲ್ಲ. 'ಕೈಯಾಗ ಕೊಟ್ರ ಹತ್ತತೀನಿ' ಅಂದೆ. ಕೊಟ್ಲು."

ಆಯಿ ರೊಟ್ಟಿಯನ್ನು ಕೆಳಗಿಟ್ಟಳು. ಆಮೇಲೆ ಹೇಳಿದಳು.

"ಯಾರೂ ಹೇಳಿಲ್ಲೇನವ್ವಾ ನಿಂಗ? ನಿಮ್ಮವ್ವ, ನಿಮ್ಮತ್ತಿ, ಇಬ್ಬರೂ ಒಂದ ತಾಟಿನ್ಯಾಗ ಉಣ್ಣಾಕ್ಯರು. ನಾದಿನಿ ವೈನಿ ಅಂತ ಅನ್ನಂಗ ಇರಲಿಲ್ಲ. ಆ ವರ್ಷ ಖಾರ ಕುಟ್ಟಾಕ ಕೂತಾರ. ನಿಮ್ಮವ್ವ ಮೆಣಸಿನಕಾಯಿ ಕೊಡು ಅಂತ ಕೈ ಒಡ್ಡ್ಯಾಳ. ಮೆಣಸಿನಕಾಯಿ ಯಾರರೆ ಕೈಗಿ ಕೈ ಹಚ್ಚಿ ಕೊಡ್ತಾರೇನ? ಜಗಳಾಗ್ತದಂತ ಕೆಳಗ ಇಡ್ತಾರ. ಇಬ್ಬರೂ ನಕ್ಕಾರ, 'ನಮ್ಮಿಬ್ಬರ ನಡುವ ಎಂಥಾ ಜಗಳ?' ಅಂತ. ಬೊಗಸಿ ತುಂಬ ಕೈಯಾಗ ಕೊಟ್ಟಾಳ ನಿಮ್ಮತ್ತಿ. ಸಂಜಿಗಿ ಒಂದು ಜರಡಿ ಸಲುವಾಗಿ ಮಾತಿಗಿ ಮಾತು ಬೆಳದು, ನಿಮ್ಮವ್ವ ಸಿಟ್ಟು ಮಾಡಕೊಂಡು ಇಲ್ಲಿಗಿ ಬಂದಳು. ಸಿಟ್ಟು ಅಂದ್ರೂ ಎಂಥಾ ಸಿಟ್ಟು? ನನ್ನ ಮುಂದ ನಗಕೋತನ ಹೇಳಿದ್ಲು, 'ಎಂಟು ದಿನ ಬಿಟ್ಟು ಹೋಗ್ತೀನಿ, ಆಕಿನೂ ಒಂದಿಷ್ಟು ಕಾಯಲಿ.' ಐದನೇ ದಿನಕ್ಕ ಜ್ವರ ಬಂತು."

ಆಯಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ನಿಮ್ಮತ್ತಿ ಬಂದಾಗ ಎಲ್ಲಾ ಮುಗದಿತ್ತು. ಆ ಬಾಗಲದಾಗ ಕೂತು ತನ್ನ ಕೈ ಕಲ್ಲಿಗಿ ಬಡಕೊಂಡ್ಲು. 'ಈ ಕೈಯಿಂದ ಕೊಟ್ಟು ಕಳಕೊಂಡೆ. ಇನ್ನ ನನ್ನವರು ಅನ್ನಾವ್ರಿಗಿ ಕೈಯಾಗ ಕೊಡಂಗಿಲ್ಲ' ಅಂದ್ಲು. ಮೆಣಸಿನಕಾಯಿ ಒಂದಲ್ಲ ನೋಡು, ಏನೂ ಕೊಡಂಗಿಲ್ಲಂತ. ನಾನೂ ಅಂದೆ, ಹುಚ್ಚಿ, ಜ್ವರಕ್ಕ ಮೆಣಸಿನಕಾಯೇನು ಮಾಡ್ತದ ಅಂತ. ಕೇಳಲಿಲ್ಲ. ಮಂದಿಗಿ ಬೇಕಾದ್ರ ಕೈಯಾಗ ಕೊಡ್ತಾಳ. ಅವರು ತಿರುಗಿ ಬಂದ್ರೇನು, ಬಿಟ್ರೇನು ಆಕಿಗಿ."

ನನ್ನ ಮುಂದೆ ಖಟಿರೊಟ್ಟಿ ಇತ್ತು. ನಾನು ಅದನ್ನು ನೋಡುತ್ತ ಕೂತೆ. ಅತ್ತಿ ಈಗ ಜಹೀರಾಬಾದಿನ ಮನೆಯಲ್ಲಿ ಏನು ಮಾಡುತ್ತಿರಬಹುದೆಂದು ನನಗೆ ಖಚಿತವಾಗಿ ಗೊತ್ತಿತ್ತು. ಐದನೆಯ ದಿನಕ್ಕೆ ಏನಾಗುತ್ತದೋ ಎಂದು ದಿನ ಎಣಿಸಲು ಕೂತಿರುತ್ತಾಳೆ. ಇದೇ ಊರಿಗೆ, ಇದೇ ಮನೆಗೆ, ಇದೇ ದಾರಿಯಲ್ಲಿ ಎರಡನೆಯ ಸಲ ತನ್ನವಳೊಬ್ಬಳನ್ನು ಕೈಯಲ್ಲಿ ಕೊಟ್ಟು ಕಳಿಸಿದ್ದಾಳೆ. ಅದೂ ಬೇಡ ಬೇಡವೆಂದರೂ ನಾನೇ ಕೈ ಚಾಚಿ, ಹಂಗಿಸಿ, ಕಸಿದುಕೊಂಡು ಬಂದಿದ್ದೇನೆ. ಕಾಗದ ಬರೆದರೆ ಮುಟ್ಟಲು ಮೂರು ದಿನ. ಬರೆದರೂ ಆಕೆಗೆ ಓದಲು ಬರುವುದಿಲ್ಲ; ಅಪ್ಪ ಓದಿ ಹೇಳಿದರೆ ನಂಬುವವಳಲ್ಲ. ಕಣ್ಣಿಗೆ ಕಾಣಬೇಕು.

"ಉಣ್ಣವ್ವಾ," ಅಂದಳು ಆಯಿ.

ಉಂಡೆ. ಒಂದು ಚೂರೂ ಬಿಡಲಿಲ್ಲ.

ಮರುದಿನ ಮುಂಜಾನೆ ಬೇಗ ಎದ್ದು ಶಾಲೆಯ ಮುಖ್ಯ ಉಪಾಧ್ಯಾಯಿನಿಯವರಿಗೆ ಉರ್ದುವಿನಲ್ಲಿ ಅರ್ಜಿ ಬರೆದೆ. ಮೈಯಲ್ಲಿ ಆರಾಮವಿಲ್ಲ ಎಂದು ಮೊದಲು ಬರೆದಿದ್ದೆ. ಅದು ನಿಜವಲ್ಲದ್ದರಿಂದ ಹರಿದು ಇನ್ನೊಂದು ಬರೆದೆ: ನಮ್ಮ ಮನೆಯಲ್ಲಿ ಯಾವ ಜಗಳವೂ ಆಗಿಲ್ಲವೆಂಬುದನ್ನು ಖುದ್ದಾಗಿ ತಿಳಿಸಲು ನಾನು ಜಹೀರಾಬಾದಿಗೆ ಹೋಗಬೇಕಾಗಿದೆ, ಆದ್ದರಿಂದ ಇವತ್ತು ಒಂದು ದಿನ ನನ್ನ ಗೈರುಹಾಜರಿಯನ್ನು ಮನ್ನಿಸಬೇಕು. ಕೆಲಸ ಹೋದರೂ ಹೋಗಲಿ ಎಂದು ಸಹಿ ಮಾಡಿ, ಶಾಲೆಯ ಬಾಗಿಲು ಗುಡಿಸುತ್ತಿದ್ದ ಜವಾನನ ಕೈಗೆ ಅದನ್ನು ಕೊಟ್ಟು, ಮೊದಲ ಗಾಡಿಗೆ ಸ್ಟೇಶನ್ನಿನ ಕಡೆಗೆ ನಡೆದೆ.